ಟ್ರಾನ್ಸ್‌ಫಾರ್ಮರ್‌ಗೂ ಬಾಯಿವಾಸನೆ ಇರುತ್ತೆ

ಹೋದ ಸಂಚಿಕೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿರುವ ಗ್ಯಾಸ್ ನೋಡಿ ಒಳಗಿನ ದೋಷವನ್ನು ಹೇಗೆ ಪತ್ತೆ ಮಾಡುತ್ತೇವೆ ಅಂತ ಬರೆದಿದ್ದೆ. ಒಳಗೆ ಕಿಡಿ ಹಾರಿದರೆ ಅಥವಾ ವಿಪರೀತ ಕಾದರೆ ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್‌ನಂಥ ಗ್ಯಾಸ್ ಹುಟ್ಟುತ್ತದೆ. 27 ವರ್ಷ ನಾನು ಮಾಡಿದ ಕೆಲಸ ಅದೇ. ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ಊರೂರಿನ ಸಬ್‌ಸ್ಟೇಷನ್‌ಗಳಿಂದ ಗಾಜಿನ ಸಿರಿಂಜ್‌ಗಳಲ್ಲಿ ಎಣ್ಣೆ ಬರುತ್ತಿತ್ತು. ಅದರಿಂದ ಗ್ಯಾಸ್ ಬಿಡಿಸಿ ಅಳೆದು ಚೀಟಿ ಬರೆದು ಕಳಿಸುತ್ತಿದ್ದೆವು. ಲೇಖನ ಓದಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎಣ್ಣೆಯನ್ನು ಬಿಟ್ಟು ಸೆನ್ಸರ್ ಹಿಡಿದುಕೊಂಡಿವೆ. ಇನ್ನೂರು ಮುನ್ನೂರು ರೂಪಾಯಿಗೆ ಗ್ಯಾಸ್ ಸೆನ್ಸರ್ ಸಿಗುವಾಗ ನಿಮ್ಮ ಲ್ಯಾಬ್ ಯಾಕ್ರೀ ಬೇಕು ಅಂತ ನೇರವಾಗಿ ಯಾರೂ ಕೇಳಿಲ್ಲ, ಪಾಪ. ಆದರೆ ಧ್ವನಿ ಅದೇ. ಈ ಸಲ ಪೂರ್ತಿ ಜಾಗ ಅವುಗಳಿಗೇ.

ಪ್ರಶ್ನೆ: ಮೇಡಂ, ನಾವು ನಾಲ್ವರು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇವೆ. ಕಾಲೇಜಿನ 100 ಕೆವಿಎ ಟಿಸಿಯ (ಟ್ರಾನ್ಸ್‌ಫಾರ್ಮರ್) ಬ್ರೀದರ್ (ಗಾಳಿ ಒಳಗೆ ಹೊರಗೆ ಹೋಗುವ ದಾರಿ) ಪಕ್ಕದಲ್ಲಿ ಎಂಕ್ಯೂ-8 ಹೈಡ್ರೋಜನ್ ಸೆನ್ಸರ್ ಕಟ್ಟಿ ಪ್ರಾಜೆಕ್ಟ್ ಮಾಡಿದ್ದೇವೆ. ದಿನಾ ಬೆಳಿಗ್ಗೆ 7ರಿಂದ 8ರ ಒಳಗೆ ಬಜರ್ ಹೊಡೆಯುತ್ತೆ. ಲೆಕ್ಕ ಹಾಕಿದರೆ 1,400 ಪಿಪಿಎಂ ಬರುತ್ತೆ. ಟಿಸಿಗೆ ಏನೂ ಆಗಿಲ್ಲ ಅಂತ ಲೈನ್‌ಮ್ಯಾನ್ ಹೇಳುತ್ತಾರೆ. ಮುಂದಿನ ತಿಂಗಳು ವೈವಾ ಇದೆ. ಯಾರನ್ನು ನಂಬೋಣ?
(ನಾಲ್ವರು ವಿದ್ಯಾರ್ಥಿನಿಯರು, ಹಾಸನ)

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ಬ್ರೀದರ್ ಹತ್ತಿರ ಕೈ ಹಾಕುವಾಗ ಎಲ್‌ಸಿ, ಅಂದರೆ ಕರೆಂಟ್ ತೆಗೆಸಿ ಕೆಲಸಕ್ಕೆ ಕೊಡುವ ಲೈನ್ ಕ್ಲಿಯರ್, ತೆಗೆದುಕೊಂಡಿದ್ದಿರಾ? ಅಲ್ಲಿಂದ 11 ಸಾವಿರ ವೋಲ್ಟಿನ ಬುಶಿಂಗ್ (ಲೈನ್ ತಂತಿ ಸೇರುವ ಪಿಂಗಾಣಿ ಕೊಂಬು) ಒಂದು ಮಾರು ದೂರವೂ ಇರುವುದಿಲ್ಲ. ಲೈನ್‌ಮ್ಯಾನ್ ಲೈನ್ ಕ್ಲಿಯರ್ ಮಾಡಿಸಿ ಪಕ್ಕದಲ್ಲಿ ನಿಂತಿದ್ದರೆ ಸರಿ. ಇಲ್ಲದಿದ್ದರೆ ಆ ಸೆನ್ಸರ್ ಅಲ್ಲೇ ಇರಲಿ, ಬಿಚ್ಚುವುದಕ್ಕೂ ಹೋಗಬೇಡಿ. ಅವರೇ ಬಂದು ಬಿಚ್ಚಿಕೊಡಲಿ.

ಈಗ ನಿಮ್ಮ 1,400. ನಾನೊಂದು ಊಹೆ ಮಾಡುತ್ತೇನೆ. ಮಧ್ಯಾಹ್ನ ಬಜರ್ ಸುಮ್ಮನಿರುವಾಗಲೂ ನಿಮ್ಮ ಸ್ಕ್ರೀನು 1,000ದ ಆಸುಪಾಸು ತೋರಿಸುತ್ತಿರಬೇಕು. ಹೌದು ಅಲ್ವಾ?

ಇದೇನು ಕಣಿ ಅಲ್ಲ. ಸೆನ್ಸರಿನ ಡೇಟಾಶೀಟ್ ತೆಗೆದು ಗ್ರಾಫ್ ನೋಡಿ. ಅಡ್ಡಕ್ಕೆ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಮೇಲಕ್ಕೆ ‘ಆರ್‌ಎಸ್ ಭಾಗಿಸು ಆರ್‌ಝೀರೊ’. ಆರ್‌ಎಸ್ ಅಂದರೆ ಈ ಕ್ಷಣದ ರೆಸಿಸ್ಟೆನ್ಸ್. ಆರ್‌ಝೀರೊ ಏನು ಅನ್ನುವುದು ಸಣ್ಣ ಅಕ್ಷರದಲ್ಲಿದೆ: 1,000 ಪಿಪಿಎಂ ಹೈಡ್ರೋಜನ್ ಬೆರೆತ ಗಾಳಿಯಲ್ಲಿ ಸೆನ್ಸರಿನ ರೆಸಿಸ್ಟೆನ್ಸ್. ಅಷ್ಟು ಹೈಡ್ರೋಜನ್ ಯಾವ ಪಾಲಿಟೆಕ್ನಿಕ್‌ನಲ್ಲಿ ಸಿಗುತ್ತದೆ? ಹಾಗಾಗಿ ಕ್ಲಾಸಿನ ಗಾಳಿಯಲ್ಲಿ ಅಳೆದದ್ದನ್ನೇ ಆರ್‌ಝೀರೊ ಅಂತ ಹಾಕಿರುತ್ತೀರಿ. ಆಗ ಬರೀ ಗಾಳಿಯಲ್ಲಿ ಭಾಗಾಕಾರದ ಉತ್ತರ 1. ಗ್ರಾಫಿನಲ್ಲಿ 1ರ ಎದುರಿಗಿರುವುದು 1,000 ಪಿಪಿಎಂ. ಗಾಳಿಯನ್ನೇ ನೀವು ಹೈಡ್ರೋಜನ್ ಅಂತ ಓದುತ್ತಿದ್ದೀರಿ. ನನ್ನ ಅಣ್ಣನ ಮಗನೂ ಇದೇ ತಪ್ಪು ಮಾಡಿದ್ದ. ಅವನ ಲೆಕ್ಕದಲ್ಲಿ ನಮ್ಮ ದೇವರಮನೆ ತುಂಬಾ ಹೈಡ್ರೋಜನ್.

ಸರಿ, 1,000 ಬಂದದ್ದು ಹಾಗೆ. ಬೆಳಿಗ್ಗೆ ಅದು 1,400ಕ್ಕೆ ಏರುವುದು ಯಾಕೆ? ಅದಕ್ಕೆ ಆ ಸ್ಟೀಲ್ ಜಾಲರಿಯ ಒಳಗೆ ಇಣುಕಬೇಕು.

ಒಳಗಿರುವುದು ತವರದ ಆಕ್ಸೈಡ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ, ಆಮ್ಲಜನಕ ಸೇರಿ ಬಿಳಿ ಪುಡಿಯಾದದ್ದು. ಪುಟ್ಟ ಸೆರಾಮಿಕ್ ಕೊಳವೆಯ ಮೈಗೆ ಅದನ್ನು ಬಳಿದು, ಕೊಳವೆಯೊಳಗೆ ಹೀಟರ್ ತಂತಿ ತೂರಿಸಿರುತ್ತಾರೆ. ಈ ಜಾತಿಯ ಸೆನ್ಸರ್‌ಗಳು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತವೆ. ಅಷ್ಟು ಬಿಸಿಯಲ್ಲಿ ಗಾಳಿಯ ಆಮ್ಲಜನಕ ಪುಡಿಯ ಮೈಗೆ ಅಂಟಿಕೊಂಡು ಅದರ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಓಡಾಡುವ ಎಲೆಕ್ಟ್ರಾನ್ ಕಡಿಮೆ, ಆದ್ದರಿಂದ ರೆಸಿಸ್ಟೆನ್ಸ್ ಜಾಸ್ತಿ. ಹೈಡ್ರೋಜನ್ ಬಂತು ಅನ್ನಿ. ಅದು ಅಂಟಿಕೊಂಡ ಆಮ್ಲಜನಕವನ್ನು ಎಳೆದುಕೊಂಡು ನೀರಾಗಿ ಹೊರಟುಹೋಗುತ್ತದೆ. ಎಲೆಕ್ಟ್ರಾನ್ ವಾಪಸ್ಸು ಬರುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಇಷ್ಟೇ ಇದರ ವಿದ್ಯೆ. ಜಪಾನಿನ ನಾವೊಯೊಶಿ ತಗುಚಿ 1962ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅವರ ತಲೆಯಲ್ಲಿದ್ದದ್ದು ಟ್ರಾನ್ಸ್‌ಫಾರ್ಮರ್ ಅಲ್ಲ, ಮನೆಯಲ್ಲಿ ಸೋರುವ ಅಡುಗೆ ಗ್ಯಾಸ್. ಅಂಗಡಿಯಲ್ಲಿ ‘ಟಿಜಿಎಸ್’ ಅಂತ ಹೆಸರಿರುವ ಸೆನ್ಸರ್ ಕಂಡರೆ ಆ ‘ಟಿ’ ಅವರದ್ದೇ.

ಆಮ್ಲಜನಕವನ್ನು ಕಿತ್ತುಕೊಳ್ಳುವ ಯಾವ ಗ್ಯಾಸ್ ಬಂದರೂ ರೆಸಿಸ್ಟೆನ್ಸ್ ಇಳಿಯುತ್ತದೆ. ಎಲ್‌ಪಿಜಿ, ಸ್ಪಿರಿಟ್, ಕಾರ್ಬನ್ ಮಾನಾಕ್ಸೈಡ್, ಎಲ್ಲಕ್ಕೂ. ಎಂಕ್ಯೂ-8ಕ್ಕೆ ಹೈಡ್ರೋಜನ್ ಮೇಲೆ ಪ್ರೀತಿ ಜಾಸ್ತಿ, ನಿಜ. ಹಾಗಂತ ಉಳಿದವರಿಗೆ ಬಾಗಿಲು ಹಾಕುವುದಿಲ್ಲ. ನೀರಿನ ಆವಿ ಬಂದರೂ ರೆಸಿಸ್ಟೆನ್ಸ್ ಇಳಿಯುತ್ತದೆ. ನಿಮ್ಮ ಡೇಟಾಶೀಟಿನ ಗ್ರಾಫ್ ಬರೆದಿರುವುದು 20 ಡಿಗ್ರಿ, ಶೇ 65 ತೇವಾಂಶ, ಶೇ 21 ಆಮ್ಲಜನಕ ಇರುವ ಗಾಳಿಗೆ. ಹಾಸನದ ಬೆಳಗಿನ ಇಬ್ಬನಿ ಆ ಗ್ರಾಫಿನಲ್ಲಿ ಇಲ್ಲ.

ಇನ್ನೊಂದು ಕಾರಣವೂ ಸೇರಿರಬಹುದು. ಟ್ರಾನ್ಸ್‌ಫಾರ್ಮರ್ ಉಸಿರಾಡುತ್ತದೆ, ಅದಕ್ಕೇ ಅದು ಬ್ರೀದರ್. ರಾತ್ರಿ ಲೋಡ್ ಇಳಿದು ಎಣ್ಣೆ ತಣ್ಣಗಾದಾಗ ಕುಗ್ಗಿ ಗಾಳಿ ಒಳಗೆಳೆದುಕೊಳ್ಳುತ್ತದೆ. ಬೆಳಿಗ್ಗೆ ಹಾಸ್ಟೆಲ್‌ನವರು ಗೀಸರ್ ಹಾಕಿದರು ಅನ್ನಿ, ಎಣ್ಣೆ ಬಿಸಿಯಾಗಿ ಉಬ್ಬಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ರಾತ್ರಿಯೆಲ್ಲ ಎಣ್ಣೆಯ ಮೇಲೆ ಮಲಗಿದ್ದ ಗಾಳಿ ಅದು. ಹಲ್ಲುಜ್ಜುವ ಮೊದಲಿನ ಬಾಯಿವಾಸನೆ ಅಂತ ನಾವು ಲ್ಯಾಬಿನಲ್ಲಿ ತಮಾಷೆ ಮಾಡುತ್ತಿದ್ದೆವು. ಅದರಲ್ಲಿ ಎಣ್ಣೆಯ ಆವಿ ಇರುತ್ತದೆ. ನಿಮ್ಮ ಸೆನ್ಸರಿಗೆ ಅದೂ ಒಂದು ವಾಸನೆ.

ಹಾಗಾದರೆ ನಿಮ್ಮ ಯೋಚನೆಯೇ ತಪ್ಪಾ? ಅಲ್ಲವೇ ಅಲ್ಲ. ಜಾಗ ತಪ್ಪು, ಅಷ್ಟೇ. ದೋಷದ ಗ್ಯಾಸ್ ಮೊದಲು ಎಣ್ಣೆಯಲ್ಲಿ ಕರಗುತ್ತದೆ. ಬ್ರೀದರ್ ತನಕ ಬರುವ ಹೊತ್ತಿಗೆ ಅದು ಗಾಳಿಯಲ್ಲಿ ಕಳೆದುಹೋಗಿರುತ್ತದೆ. ಆದರೆ ಎಣ್ಣೆಯನ್ನು ಒಂದು ಮುಚ್ಚಿದ ಪಾತ್ರೆಯಲ್ಲಿಟ್ಟು ಮೇಲೆ ಸ್ವಲ್ಪ ಖಾಲಿ ಜಾಗ ಬಿಟ್ಟರೆ ಏನಾಗುತ್ತದೆ ನೋಡಿ. ಹೈಡ್ರೋಜನ್‌ಗೆ ಎಣ್ಣೆಯಲ್ಲಿ ಇರಲು ಮನಸ್ಸೇ ಇಲ್ಲ. ಎಣ್ಣೆಯಲ್ಲೊಂದು ಪಾಲು ಇದ್ದರೆ ಮೇಲಿನ ಗಾಳಿಯಲ್ಲಿ ಸುಮಾರು 20 ಪಾಲು ಇರುತ್ತದೆ. ಎಣ್ಣೆಯಲ್ಲಿ 100 ಪಿಪಿಎಂ ಇದೆ ಅನ್ನಿ, ಮೇಲೆ 2,000 ಪಿಪಿಎಂ. ನಿಮ್ಮ ಅಗ್ಗದ ಸೆನ್ಸರ್ ಕೂಡ ಅದನ್ನು ಹಿಡಿಯುತ್ತದೆ. ಅಸಿಟಿಲೀನ್ ಹಾಗಲ್ಲ. ಅದಕ್ಕೆ ಎಣ್ಣೆ ಅಂದರೆ ತವರುಮನೆ. ಎಣ್ಣೆಯಲ್ಲಿ 1 ಪಿಪಿಎಂ ಇದ್ದರೆ ಮೇಲೆ ಅಷ್ಟೂ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಅಂಟಿಸುವ ಎಷ್ಟೋ ಉಪಕರಣಗಳು ಮೊದಲು ಹೈಡ್ರೋಜನ್ ಹಿಂದೆ ಬಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಎಣ್ಣೆಯನ್ನು ತಡೆದು ಗ್ಯಾಸ್ ಮಾತ್ರ ಬಿಡುವ ಟೆಫ್ಲಾನ್‌ನಂಥ ಪೊರೆಯ ಹಿಂದೆ ಸೆನ್ಸರ್ ಕೂರಿಸುತ್ತಾರೆ.

ವೈವಾಕ್ಕೆ ಮೊದಲು ಇಷ್ಟು ಮಾಡಿ. ಇನ್ನೊಂದು ಎಂಕ್ಯೂ-8 ತಂದು ಟಿಸಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಅದೇ ಎತ್ತರದಲ್ಲಿ ಇಡಿ. ಎರಡನ್ನೂ ಮೊದಲು 48 ಗಂಟೆ ಬಿಸಿಗೆ ಬಿಡಿ. ಆಮೇಲೆ ಎರಡರ ವ್ಯತ್ಯಾಸವನ್ನು ಮಾತ್ರ ಬರೆದುಕೊಳ್ಳಿ. ಇಬ್ಬನಿ ಎರಡಕ್ಕೂ ಒಂದೇ, ಟಿಸಿಯ ಉಸಿರು ಒಂದಕ್ಕೆ ಮಾತ್ರ. ಪಿಪಿಎಂ ಅನ್ನುವ ಮಾತನ್ನು ರಿಪೋರ್ಟಿನಿಂದ ತೆಗೆದುಬಿಡಿ. ‘ನಿನ್ನೆಗಿಂತ ಎಷ್ಟು ಬದಲಾಗಿದೆ’ ಅಂತ ಬರೆಯಿರಿ. ಮತ್ತೆ ಡಬ್ಬಿಯ ಸಂದಿಗೆ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಹಚ್ಚಿದ್ದೀರಾ? ಹಚ್ಚಿದ್ದರೆ ಆ ಸೆನ್ಸರ್ ಎಸೆಯಿರಿ. ಸಿಲಿಕೋನ್ ಆವಿ ಆ ಬಿಸಿ ಪುಡಿಯ ಮೇಲೆ ಗಾಜಿನ ಹಾಗೆ ಕೂತು ಅದನ್ನು ಕುರುಡು ಮಾಡುತ್ತದೆ. ಮೂಗಿಗೆ ಕುರುಡು ಅನ್ನಬಾರದೇನೋ, ನಿಮಗೆ ಅರ್ಥವಾಯಿತಲ್ಲ.

ಪ್ರಶ್ನೆ: ಆಯುಧಪೂಜೆ ದಿನ ಸ್ಟೇಷನ್ನಿನ ಬ್ಯಾಟರಿ ರೂಮಿನಲ್ಲಿ ಆರತಿ ಎತ್ತಿದ ಕೂಡಲೇ ಹೈಡ್ರೋಜನ್ ಅಲಾರಂ ಬಂತು. ಸೆನ್ಸರ್ ಹಾಳಾಗಿದೆಯಾ?
(ಒಬ್ಬ ಆಪರೇಟರ್, ಗದಗ)

ಉತ್ತರ: ಸೆನ್ಸರ್ ಚೆನ್ನಾಗಿದೆ. ಕರ್ಪೂರ, ಊದುಬತ್ತಿ ಎರಡೂ ಅದಕ್ಕೆ ಗ್ಯಾಸೇ. ಆದರೆ ಚಾರ್ಜ್ ಆಗುತ್ತಿರುವ ಲೆಡ್ ಆಸಿಡ್ ಬ್ಯಾಟರಿಯಿಂದ ನಿಜವಾಗಿಯೂ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಶೇ 4 ಆದರೆ ಕಿಡಿ ಸಾಕು. ಅಲ್ಲಿ ಆರತಿ ಎತ್ತಿದವರು ಯಾರು ಮಾರಾಯ್ರೇ? ಮುಂದಿನ ವರ್ಷ ಬಾಗಿಲ ಹೊರಗೆ ನಿಂತು ಎತ್ತಿ. ಕುಂಬಳಕಾಯಿಯನ್ನೂ ಹೊರಗೇ ಒಡೆಯಿರಿ.

ಪ್ರಶ್ನೆ: ನಮ್ಮ ಸ್ಟೇಷನ್ನಿನಲ್ಲಿ ಪವರ್ ಟ್ರಾನ್ಸ್‌ಫಾರ್ಮರಿನ ಬುಕೋಲ್ಜ್ ರಿಲೇಯ (ಎಣ್ಣೆಯಿಂದ ಎದ್ದ ಗ್ಯಾಸ್ ಸೇರಿದರೆ ಎಚ್ಚರಿಸುವ ಸಾಧನ) ಅಲಾರಂ ಬಂತು. ಹಳಬರೊಬ್ಬರು ರಿಲೇಯ ಕಾಕ್ ತಿರುಗಿಸಿ ಗ್ಯಾಸಿಗೆ ಬೆಂಕಿಕಡ್ಡಿ ಹಿಡಿದರು. ಹತ್ತಿಕೊಳ್ಳಲಿಲ್ಲ. ‘ಬರೀ ಗಾಳಿ’ ಅಂತ ಹೇಳಿ ಟ್ರಾನ್ಸ್‌ಫಾರ್ಮರಿಗೆ ಮತ್ತೆ ಕರೆಂಟ್ ಕೊಡಿಸಿದರು. ಅದು ಸರಿಯಾ? ಬೆಂಕಿಕಡ್ಡಿ ಬದಲು ಸೆನ್ಸರ್ ಹಿಡಿಯಬಹುದಾ?
(ಶಿಫ್ಟ್ ಆಪರೇಟರ್, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಜರ್ಮನಿಯ ಮ್ಯಾಕ್ಸ್ ಬುಕೋಲ್ಜ್ 1921ರಲ್ಲಿ ಆ ರಿಲೇ ಮಾಡಿದಾಗಿನಿಂದಲೂ ಜನ ಅದರ ಗ್ಯಾಸಿಗೆ ಬೆಂಕಿ ಹಿಡಿಯುತ್ತಾ ಬಂದಿದ್ದಾರೆ. ಹತ್ತಿಕೊಂಡರೆ ಒಳಗೆ ಎಣ್ಣೆ ಒಡೆದಿದೆ, ಹತ್ತಿಕೊಳ್ಳದಿದ್ದರೆ ಗಾಳಿ ಸೇರಿದೆ, ಇದು ಲೆಕ್ಕ. ಎಣ್ಣೆ ಫಿಲ್ಟರ್ ಮಾಡಿದ ಹೊಸದರಲ್ಲಿ ಗಾಳಿ ಸೇರಿ ಅಲಾರಂ ಬರುವುದು ಮಾಮೂಲು, ಹಾಗಾಗಿ ನಿಮ್ಮ ಹಳಬರನ್ನು ಪೂರ್ತಿ ಬೈಯುವ ಹಾಗಿಲ್ಲ. ರಿಲೇ ಬಾಯಲ್ಲೇ ಕಡ್ಡಿ ಗೀರಿದ್ದಕ್ಕೆ ಮಾತ್ರ ಬೈಯುತ್ತೇನೆ. ಸಾವಿರಾರು ಲೀಟರ್ ಎಣ್ಣೆಯ ಪಕ್ಕ ನಿಂತು ಮಾಡುವ ಕೆಲಸವಾ ಅದು? ಗ್ಯಾಸನ್ನು ಸಿರಿಂಜಿಗೆ ಎಳೆದು ದೂರ ಹೋಗಿ ನೋಡಬೇಕು. ಇನ್ನೂ ಒಳ್ಳೆಯದು, ಆ ಸಿರಿಂಜನ್ನು ಹಾಗೇ ಲ್ಯಾಬಿಗೆ ಕಳಿಸುವುದು. ಬೆಂಗಳೂರಿನ ಸಿಪಿಆರ್‌ಐನಲ್ಲೂ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಈ ಪರೀಕ್ಷೆ ಮಾಡುತ್ತಾರೆ.

ನಾನು ಸೇರಿದಾಗ ಸಿಲ್ವರ್ ನೈಟ್ರೇಟ್ ಪರೀಕ್ಷೆ ಇನ್ನೂ ಇತ್ತು. ಎರಡು ಗಾಜಿನ ನಳಿಕೆ. ಒಂದರಲ್ಲಿ ನೀರಿನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್, ಇನ್ನೊಂದರಲ್ಲಿ ಅಮೋನಿಯ ಸೇರಿಸಿದ್ದು. ಗ್ಯಾಸ್ ಹಾಯಿಸಿದಾಗ ಮೊದಲನೆಯದರಲ್ಲಿ ಬಿಳಿ ಗಸಿ ಬಂದರೆ ಅಸಿಟಿಲೀನ್, ಅಂದರೆ ಎಣ್ಣೆಯಲ್ಲಿ ಕಿಡಿ ಹಾರಿದೆ. ಎರಡನೆಯದು ಕಡು ಕಂದಾದರೆ ಕಾರ್ಬನ್ ಮಾನಾಕ್ಸೈಡ್, ಅಂದರೆ ಕಾಗದದ ಇನ್ಸುಲೇಷನ್ ಸುಟ್ಟಿದೆ. ನೋಡಲು ಚೆಂದ. ಆದರೆ ಆ ಬಿಳಿ ಗಸಿ ಒಣಗಿದರೆ ಪಟಾಕಿಯ ಹಾಗೆ ಸಿಡಿಯುತ್ತದೆ. ಹಸಿ ಇರುವಾಗಲೇ ತೊಳೆದುಬಿಡಬೇಕು. ನಮ್ಮ ಹಿರಿಯ ಕೆಮಿಸ್ಟ್ ಊಟಕ್ಕೆ ಎದ್ದರೆ ಮೊದಲು ನಳಿಕೆ ತೊಳೆದು ಆಮೇಲೆ ಕೈ ತೊಳೆಯುತ್ತಿದ್ದರು.

ಸೆನ್ಸರ್ ಹಿಡಿಯಬಹುದಾ? ‘ಬರೀ ಗಾಳಿಯಾ, ಅಲ್ಲವಾ’ ಅನ್ನುವ ಪ್ರಶ್ನೆಗೆ ಬೆಂಕಿಕಡ್ಡಿಗಿಂತ ಎಷ್ಟೋ ಮೇಲು. ಬುಕೋಲ್ಜ್ ಗ್ಯಾಸಿನಲ್ಲಿ ಆಮ್ಲಜನಕ ಎಷ್ಟಿದೆಯೋ ಗೊತ್ತಿರುವುದಿಲ್ಲ, ಆದ್ದರಿಂದ ಅದನ್ನು ಗಾಳಿಯಲ್ಲಿ ಚೆನ್ನಾಗಿ ತೆಳು ಮಾಡಿ ತೋರಿಸಬೇಕು. ಆದರೆ ‘ಯಾವ ಗ್ಯಾಸ್, ಎಲ್ಲಿಂದ’ ಅಂತ ಕೇಳಿದರೆ ಒಂಟಿ ಸೆನ್ಸರ್ ಬಾಯಿ ಬಿಡುವುದಿಲ್ಲ. ಅದನ್ನು ಕೇಳಲೇಬೇಕಾದ ಕಾರಣ ನನ್ನದೇ ಕತೆಯಲ್ಲಿದೆ. ಈ ಅಂಕಣದಲ್ಲಿ ಇದುವರೆಗೆ ಹೇಳಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಒಂದು ಸಬ್‌ಸ್ಟೇಷನ್ನಿನ ಎಣ್ಣೆ ಬಂತು. ಮರದ ಪೆಟ್ಟಿಗೆಯಲ್ಲಿ, ಹೊಟ್ಟಿನ ನಡುವೆ ಸಿರಿಂಜು. ಒಳಗೆ ಗಾಳಿಗುಳ್ಳೆ ಇಲ್ಲ, ಒಳ್ಳೆ ಸ್ಯಾಂಪಲ್. ಆಗ ನಾವು ಪಾದರಸದ ಪಂಪಿನಿಂದ ಗ್ಯಾಸ್ ಹೊರತೆಗೆಯುತ್ತಿದ್ದೆವು. ಪಾದರಸದ ಬುಡ್ಡಿಯನ್ನು ಮೇಲೆತ್ತು, ಕೆಳಗಿಳಿಸು, ಮೇಲೆತ್ತು, ಕೆಳಗಿಳಿಸು. ಒಂದು ಸ್ಯಾಂಪಲ್ ಮುಗಿಯುವ ಹೊತ್ತಿಗೆ ಭುಜ ಬಿದ್ದುಹೋಗುತ್ತಿತ್ತು. ಆ ಗ್ಯಾಸನ್ನು ಕ್ರೊಮ್ಯಾಟೊಗ್ರಾಫ್ ಅನ್ನುವ, ಗ್ಯಾಸುಗಳನ್ನು ಬೇರೆ ಬೇರೆ ಮಾಡುವ ಯಂತ್ರಕ್ಕೆ ಚುಚ್ಚಿದರೆ ಪೆನ್ನು ಕಾಗದದ ಮೇಲೆ ಬೆಟ್ಟ ಬರೆಯುತ್ತದೆ, ಒಂದೊಂದು ಗ್ಯಾಸಿಗೆ ಒಂದೊಂದು ಬೆಟ್ಟ. ಅವತ್ತು ಅಸಿಟಿಲೀನ್ ಬೆಟ್ಟ ಕಂಡು ನನ್ನ ಎದೆ ಹೊಡೆದುಕೊಂಡಿತು. 58 ಪಿಪಿಎಂ. ಗ್ಯಾಸ್ ವೆಲ್ಡಿಂಗಿನವರು ಕಾರ್ಬೈಡಿನಿಂದ ಮಾಡುವ ಅದೇ ಗ್ಯಾಸ್. ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರಿನ ಟ್ಯಾಂಕಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ‘ಒಳಗೆ ಆರ್ಕ್ ಆಗುತ್ತಿದೆ, ಕೂಡಲೇ ಲೈನಿನಿಂದ ತೆಗೆಯಿರಿ’ ಅಂತ ಬರೆದೆ. ತೆಗೆದರು. ಎಣ್ಣೆ ಇಳಿಸಿ, ಮುಚ್ಚಳ ಬಿಚ್ಚಿ, ಮೂರು ದಿನ ಟಾರ್ಚ್ ಹಿಡಿದು ಹುಡುಕಿದರು. ಕಾಗದ ಹೊಸ ಬೆಲ್ಲದ ಬಣ್ಣದಲ್ಲಿತ್ತಂತೆ. ಒಂದು ಕಪ್ಪು ಚುಕ್ಕೆಯೂ ಇಲ್ಲ. ಮೂರು ದಿನ ಊರಿಗೆ ಲೋಡ್ ಶೆಡ್ಡಿಂಗ್.

ಆಗಿದ್ದು ಇಷ್ಟು. ಟ್ರಾನ್ಸ್‌ಫಾರ್ಮರಿನ ಹೊಟ್ಟೆಗೆ ಅಂಟಿಕೊಂಡು ಟ್ಯಾಪ್ ಚೇಂಜರ್ ಅಂತ ಬೇರೆ ಕೋಣೆ ಇರುತ್ತದೆ. ವೋಲ್ಟೇಜ್ ಸರಿಮಾಡಲು ದಿನಕ್ಕೆ ಎಷ್ಟೋ ಸಲ ಟ್ಯಾಪ್ ಬದಲಾಗುತ್ತದೆ, ಪ್ರತಿ ಸಲವೂ ಅಲ್ಲಿ ಕಿಡಿ ಹಾರುತ್ತದೆ, ಅಲ್ಲಿನ ಎಣ್ಣೆಯಲ್ಲಿ ಅಸಿಟಿಲೀನ್ ಇರಲೇಬೇಕು. ಆ ಎರಡು ಕೋಣೆಗಳ ನಡುವಿನ ಸೀಲ್ ಸೋರುತ್ತಿತ್ತು. ಅಳತೆ ಸರಿ, ಗ್ಯಾಸ್ ನಿಜ, ಮನೆ ಬೇರೆ. ನನ್ನದೇ ಚೀಟಿಯಲ್ಲಿ ಹೈಡ್ರೋಜನ್ 20 ಅಂತ ಇತ್ತು. ಅಸಿಟಿಲೀನ್ ಹೈಡ್ರೋಜನ್‌ಗಿಂತ ಎರಡು ಮೂರು ಪಟ್ಟು ಇದ್ದರೆ ಮೊದಲು ಟ್ಯಾಪ್ ಚೇಂಜರನ್ನು ಅನುಮಾನಿಸಬೇಕು ಅಂತ ಐಇಸಿ 60599 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನಲ್ಲೇ ಇದೆ. ದೊಡ್ಡ ಬೆಟ್ಟ ನೋಡುವ ಭರದಲ್ಲಿ ಪಕ್ಕದ ಸಣ್ಣ ಬೆಟ್ಟ ನೋಡಲಿಲ್ಲ. ಆ ಚೀಟಿಯ ಜೆರಾಕ್ಸ್ ಈಗಲೂ ನನ್ನ ಬೀರುವಿನಲ್ಲಿದೆ.

ಅದಕ್ಕೇ ಒಂದೇ ಅಂಕಿಯನ್ನು ನಂಬಬಾರದು, ಅನುಪಾತ ನೋಡಬೇಕು. ಕೆನಡಾದ ಮಿಶೆಲ್ ಡುವಾಲ್ 1974ರಲ್ಲಿ ತೋರಿಸಿದ ತ್ರಿಕೋನ ಈಗಲೂ ಲ್ಯಾಬಿನ ಗೋಡೆ ಮೇಲೆ ಇರುತ್ತದೆ. ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನೂ ಕೂಡಿಸಿ ಯಾವುದು ಶೇಕಡ ಎಷ್ಟು ಅಂತ ಚುಕ್ಕೆ ಇಟ್ಟರೆ, ಚುಕ್ಕೆ ಬಿದ್ದ ಕೋಣೆಯೇ ರೋಗದ ಹೆಸರು. ಎಥಿಲೀನ್ ಕಡೆ ವಾಲಿದರೆ ಎಲ್ಲೋ ವಿಪರೀತ ಬಿಸಿ, ಅಸಿಟಿಲೀನ್ ಕಡೆ ಬಂದರೆ ಕಿಡಿ. ಸೆನ್ಸರಿನವರೂ ಈಗ ಇದೇ ದಾರಿ ಹಿಡಿದಿದ್ದಾರೆ. ಒಂದು ಸೆನ್ಸರಿನ ಬದಲು ಆರೇಳು ಬೇರೆ ಬೇರೆ ಆಕ್ಸೈಡಿನವು, ಒಂದಕ್ಕೆ ಪಲ್ಲಾಡಿಯಂ ಬೆರೆಸಿದ್ದು, ಇನ್ನೊಂದಕ್ಕೆ ಬೇರೆ ಬಿಸಿ. ಪ್ರತಿಯೊಂದೂ ಎಲ್ಲವನ್ನೂ ಮೂಸುತ್ತದೆ, ಆದರೆ ಬೇರೆ ಬೇರೆ ಪ್ರಮಾಣದಲ್ಲಿ. ಎಲ್ಲರ ಮಾತನ್ನೂ ಕೂಡಿಸಿ ಕಂಪ್ಯೂಟರ್ ಯಾವ ಗ್ಯಾಸ್ ಅಂತ ಅಂದಾಜು ಮಾಡುತ್ತದೆ. ಊರಿನ ಜಗಳಕ್ಕೆ ಹತ್ತು ಸಾಕ್ಷಿ ಕೇಳಿದ ಹಾಗೆ.

ನಿಮ್ಮ ಸ್ಟೇಷನ್ನಿನ ವಿಷಯಕ್ಕೆ ಬಂದರೆ, ಈಗಲೇ ಎಣ್ಣೆಯ ಒಂದು ಸ್ಯಾಂಪಲ್ ಕಳಿಸಿ, ಹದಿನೈದು ದಿನ ಬಿಟ್ಟು ಇನ್ನೊಂದು. ಎರಡರ ನಡುವೆ ಏರಿಕೆ ಇಲ್ಲದಿದ್ದರೆ ಹಳಬರು ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳೋಣ.

ಪ್ರಶ್ನೆ: ಜಿಐಎಸ್ (ಎಸ್‌ಎಫ್6, ಅಂದರೆ ಸಲ್ಫರ್ ಹೆಕ್ಸಾಫ್ಲೋರೈಡ್ ಗ್ಯಾಸನ್ನು ಇನ್ಸುಲೇಷನ್ನಿಗೆ ತುಂಬಿದ ಮುಚ್ಚಿದ ಸ್ವಿಚ್‌ಗೇರ್) ಒಳಗಿನ ದೋಷ ಹಿಡಿಯಲು ಲೋಹದ ಆಕ್ಸೈಡ್ ಸೆನ್ಸರ್ ಬಗ್ಗೆ ಎಂ.ಟೆಕ್ ಮಾಡುತ್ತಿದ್ದೇನೆ. ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಸೆನ್ಸರ್, ಎಸ್‌ಎಫ್6 ತುಂಬಿದ ಚೇಂಬರಿನಲ್ಲಿ ಹುಚ್ಚುಹುಚ್ಚಾಗಿ ರೀಡಿಂಗ್ ಕೊಡುತ್ತಿದೆ. ಎಸ್‌ಎಫ್6 ಯಾವುದರ ಜೊತೆಗೂ ಸೇರುವುದಿಲ್ಲ ಅಲ್ವಾ?
(ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಎಸ್‌ಎಫ್6 ಏನೂ ಮಾಡಲಿಲ್ಲ, ನಿಜ. ಅದು ಆಮ್ಲಜನಕವನ್ನು ಹೊರಗೆ ಹಾಕಿತು. ಹಾಸನದ ಹುಡುಗಿಯರಿಗೆ ಹೇಳಿದ್ದನ್ನು ಒಮ್ಮೆ ಓದಿ. ಈ ಸೆನ್ಸರಿನ ಆಟ ನಡೆಯುವುದೇ ಮೈಗೆ ಅಂಟಿದ ಆಮ್ಲಜನಕದಿಂದ. ಅದೇ ಇಲ್ಲದ ಮೇಲೆ ಮೊದಲಿನ ರೀಡಿಂಗಿಗೆ ಬೆಲೆ ಏನು? ಜೊತೆಗೆ ಆ ಗ್ಯಾಸ್ ಗಾಳಿಗಿಂತ ಐದು ಪಟ್ಟು ಭಾರ, ಬಿಸಿ ಸಾಗಿಸುವ ರೀತಿಯೂ ಬೇರೆ, ಹಾಗಾಗಿ ಹೀಟರಿನ ಬಿಸಿಯೂ ನೀವು ಅಂದುಕೊಂಡಷ್ಟು ಇರುವುದಿಲ್ಲ. ಸ್ವಲ್ಪ ಗ್ಯಾಸನ್ನು ಬೇರೆ ಪುಟ್ಟ ಕೋಣೆಗೆ ತಂದು ಒಣಗಾಳಿ ಬೆರೆಸಿ ನೋಡಿ. ನೋಡಿದ ಮೇಲೆ ಗಾಳಿಗೆ ಬಿಡಬೇಡಿ, ಚೀಲದಲ್ಲಿ ಹಿಡಿಯಿರಿ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡಿನ 23 ಸಾವಿರ ಪಟ್ಟಿಗೂ ಜಾಸ್ತಿ.

ನೀವು ಹುಡುಕಬೇಕಾದ್ದು ಎಸ್‌ಎಫ್6 ಒಡೆದಾಗ ಹುಟ್ಟುವ ಮಕ್ಕಳನ್ನು: ಸಲ್ಫರ್ ಡೈ ಆಕ್ಸೈಡ್, ಥಯೊನಿಲ್ ಫ್ಲೋರೈಡ್, ಸಲ್ಫ್ಯುರಿಲ್ ಫ್ಲೋರೈಡ್, ಹೈಡ್ರೋಜನ್ ಫ್ಲೋರೈಡ್. ಕೊನೆಯದು ಗಾಜನ್ನೇ ತಿನ್ನುತ್ತದೆ, ನಿಮ್ಮ ಸೆನ್ಸರನ್ನು ಬಿಡುತ್ತದಾ? ಅದರ ಆಯಸ್ಸಿನ ಬಗ್ಗೆ ಥೀಸಿಸ್ಸಿನಲ್ಲಿ ಒಂದು ಅಧ್ಯಾಯ ಇರಲಿ, ಕೇಳಿಯೇ ಕೇಳುತ್ತಾರೆ. ದೋಷವಾದ ಚೇಂಬರ್ ತೆರೆದಾಗ ಕಾಣುವ ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮೂಗನ್ನು ಹತ್ತಿರ ತರಬೇಡಿ. ಇಲ್ಲಿ ಮಾತ್ರ ಮನುಷ್ಯರ ಮೂಗಿಗೆ ರಜೆ.

ಪ್ರಶ್ನೆ: ನಮ್ಮದು ಹಿಟ್ಟಿನ ಗಿರಣಿ. ಹದಿನೈದು ದಿನದಿಂದ ಸ್ವಿಚ್‌ಬೋರ್ಡ್ ಹತ್ತಿರ ಮೀನಿನ ವಾಸನೆ ಬರುತ್ತಿದೆ. ನಾವು ಮೀನು ತಿನ್ನುವವರಲ್ಲ, ಅಕ್ಕಪಕ್ಕದಲ್ಲೂ ಅಂಗಡಿ ಇಲ್ಲ. ನಮ್ಮ ಬೆಕ್ಕು ದಿನವಿಡೀ ಬೋರ್ಡಿನ ಕೆಳಗೇ ಕೂತಿರುತ್ತೆ. ಗ್ಯಾಸ್ ಸೆನ್ಸರ್ ಹಾಕಿಸಿದರೆ ಗೊತ್ತಾಗುತ್ತಾ?
(ಗಿರಣಿ ಮಾಲೀಕರು, ದಾವಣಗೆರೆ)

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಸಂಪಾದಕರಿಗೆ ಹೇಳಿ ನಿಮಗೆ ಫೋನ್ ಮಾಡಿಸಿದ್ದು ಯಾಕೆ ಅಂತ ಉಳಿದ ಓದುಗರಿಗಾಗಿ ಬರೆಯುತ್ತೇನೆ. ಈ ಉತ್ತರ ಅಚ್ಚಾಗುವ ತನಕ ಕಾಯುವ ಹಾಗಿರಲಿಲ್ಲ.

ಬಿಳಿ ಸ್ವಿಚ್, ಸಾಕೆಟ್‌ಗಳಲ್ಲಿ ಹಲವನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಅದು ಕಾದರೆ ಹೊಗೆಗಿಂತ ಮೊದಲು ಮೀನಿನಂಥ ವಾಸನೆ ಬರುತ್ತದೆ. ವೈರಿನ ಮೇಲಿನ ಪಿವಿಸಿ 70 ಡಿಗ್ರಿಗೆ ಮಾಡಿದ್ದು, ಅದನ್ನು ಮೀರಿ ಕಾಯುತ್ತಾ ಹೋದರೆ ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಆವಿಯಾಗುತ್ತದೆ. ಇಂಥ ಆವಿಯನ್ನು ಹೊಗೆ ಬರುವ ಮೊದಲೇ ಹಿಡಿಯಲು ದೊಡ್ಡ ಕಟ್ಟಡಗಳ ಪ್ಯಾನೆಲ್ಲಿನೊಳಗೆ ಗ್ಯಾಸ್ ಸೆನ್ಸರ್ ಇಡುವುದುಂಟು. ಮುಚ್ಚಿದ ಪ್ಯಾನೆಲ್, ಶುದ್ಧ ಗಾಳಿ, ಅಲ್ಲಿ ಅದು ಒಳ್ಳೆ ಕೆಲಸಗಾರ. ನಿಮ್ಮ ಗಿರಣಿಯಲ್ಲಿ ಬೆಳಿಗ್ಗೆ ರಾಗಿ, ಮಧ್ಯಾಹ್ನ ಖಾರದ ಪುಡಿ. ವಾರದೊಳಗೆ ಜಾಲರಿ ತುಂಬಾ ಹಿಟ್ಟು ಮೆತ್ತಿಕೊಂಡು ಉಸಿರು ಕಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮೂಗು ಹದಿನೈದು ದಿನದಿಂದ ಅಲಾರಂ ಹೊಡೆಯುತ್ತಿದೆ! ಗಾಳಿಯಲ್ಲಿ ಹಿಟ್ಟಿನ ಧೂಳು, ಪಕ್ಕದಲ್ಲಿ ಕಾದ ಸಾಕೆಟ್. ಎರಡೂ ಒಟ್ಟಿಗೆ ಇರಬಾರದು.

ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕರೆಸಿ ಬಿಚ್ಚಿಸಿದ್ದಕ್ಕೆ ಥ್ಯಾಂಕ್ಸ್. ಅವರು ಕಳಿಸಿದ ಫೋಟೊ ನೋಡಿದೆ. ನ್ಯೂಟ್ರಲ್ ಸ್ಕ್ರೂ ಒಂದೂವರೆ ಸುತ್ತು ಸಡಿಲ, ಅದರ ಸುತ್ತ ಪ್ಲಾಸ್ಟಿಕ್ ಕಾಫಿಪುಡಿ ಬಣ್ಣಕ್ಕೆ ತಿರುಗಿದೆ, ವೈರಿನ ತುದಿ ಒಂದಿಂಚು ಬಿರುಸಾಗಿ ಸೀಳಿದೆ. ಸಾಕೆಟ್ ಮಾತ್ರ ಬದಲಿಸಿ ಹಳೇ ವೈರಿನ ಸುಟ್ಟ ತುದಿಗೇ ಮತ್ತೆ ಸ್ಕ್ರೂ ಬಿಗಿಸಲು ಬಿಡಬೇಡಿ. ಅಷ್ಟುದ್ದ ಕತ್ತರಿಸಿ, ಒಳ್ಳೆ ತಾಮ್ರ ಕಾಣುವ ತನಕ. ಬೆಕ್ಕು ಈಗ ಎಲ್ಲಿ ಕೂರುತ್ತದೆ ಅಂತ ಒಂದು ಕಾರ್ಡು ಬರೆಯಿರಿ.